'ಸಾಕು' ಎಂದರೆ 'ಹಾಕು' ಎಂದು ಕೇಳುವ ಕಿವಿಗೆ ಎಂಥ ಪರೀಕ್ಷೆ ಬೇಕು?

ಸಂಪಾದಕರಿಗೆ ನಮಸ್ಕಾರ.

ಶಿಬಿರದಲ್ಲಿ ಕಿವಿ ಮಿಷಿನ್ ಹಂಚಿದ ಫೋಟೊ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಸಾಲಾಗಿ ಕುಳಿತ ಹಿರಿಯರು, ಕಿವಿಯ ಹಿಂದೆ ಹೊಸ ಮಿಷಿನ್, ಮುಖದಲ್ಲಿ ನಗು. ಆ ನಗು ನಿಜವೇ. ಮೊದಲ ದಿನ ನಾನೂ ಹಾಗೇ ನಕ್ಕಿದ್ದೆ. ತಿಂಗಳಾದ ಮೇಲೆ ಅವರ ಮನೆಗೆ ಹೋಗಿ, ಮಿಷಿನ್ ಕಿವಿಯಲ್ಲಿದೆಯೋ ಡಬ್ಬಿಯಲ್ಲಿದೆಯೋ ಎಂದು ನೋಡುವವರು ಯಾರು? ಇದನ್ನು ಕೇಳಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನನಗೆ 64 ವರ್ಷ. ದೊಡ್ಡಬಳ್ಳಾಪುರದವಳು. 1983ರಿಂದ 32 ವರ್ಷ ವಿದ್ಯುತ್ ಮಗ್ಗದಲ್ಲಿ ದುಡಿದೆ. ಮೊದಲು ಕಂಡಿಕೆಗೆ ನೂಲು ಸುತ್ತುತ್ತಿದ್ದೆ, ಆಮೇಲೆ ಒಬ್ಬಳೇ ಎರಡು ಮಗ್ಗ ನೋಡಿಕೊಂಡೆ. ಶೀಟಿನ ಮಾಡು, ಒಂದೇ ಕೋಣೆಯಲ್ಲಿ ಎಂಟು ಮಗ್ಗ. ಲಾಳಿ ಬಡಿಯುವ ಸದ್ದಿನಲ್ಲಿ ಪಕ್ಕದವಳ ಮಾತನ್ನು ತುಟಿ ನೋಡಿಯೇ ತಿಳಿಯುತ್ತಿದ್ದೆವು. ಕಿವಿಗೆ ಹತ್ತಿ ತುರುಕಿಕೊಂಡರೆ ಸಾಕು ಅಂದುಕೊಂಡಿದ್ದೆವು. ಅಷ್ಟು ಸದ್ದಿಗೆ ಹತ್ತಿ ಯಾವ ಲೆಕ್ಕ? ಸದ್ದಿನಿಂದ ಬರುವ ಕಿವುಡು ಆಗಿನ ಕಾರ್ಖಾನೆ ಕಾಯ್ದೆಯ ಕಾಯಿಲೆಗಳ ಪಟ್ಟಿಯಲ್ಲಿತ್ತು. ಆದರೆ ನಾಲ್ಕು ಜನ ದುಡಿಯುವ ಮನೆ ಮಗ್ಗದ ತನಕ ಆ ಕಾಯ್ದೆ ಬರುತ್ತಿರಲಿಲ್ಲ.

ಮಗ್ಗದ ಸದ್ದು ಕಿವಿಯನ್ನು ಒಂದೇ ಸಲಕ್ಕೆ ಮುಚ್ಚಿಸುವುದಿಲ್ಲ. ಮೊದಲು 4000 ಹರ್ಟ್ಸ್ ಆಸುಪಾಸಿನ ಸಣ್ಣ, ಚೂಪಾದ ಸದ್ದುಗಳು ಹೋಗುತ್ತವೆ. ಆ, ಈ, ಊ ಎಲ್ಲ ಜೋರಾಗಿ ಕೇಳುತ್ತವೆ. ಸ, ಶ, ತ, ಕ ಇವು ಜಾರಿಹೋಗುತ್ತವೆ. ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಮಗಳ ನಿಶ್ಚಿತಾರ್ಥದ ಊಟದಲ್ಲಿ ಬೀಗರು ತಲೆ ತಗ್ಗಿಸಿಕೊಂಡೇ 'ಸಾಕು' ಅಂದರು. ನನಗೆ 'ಹಾಕು' ಅಂತ ಕೇಳಿತು. ಇನ್ನೊಂದು ಸೌಟು ಸಾರು ಬಡಿಸಿದೆ. ಅವರು ಮತ್ತೆ ಜೋರಾಗಿ ಹೇಳಿದರು, ನಾನು ಮತ್ತೆ ಬಡಿಸಿದೆ. ಪಂಕ್ತಿಯೆಲ್ಲ ನಕ್ಕಿತು. ಅಂದಿನಿಂದ ಬಡಿಸುವುದನ್ನೇ ಬಿಟ್ಟೆ. ಕಿವಿ ಮಂದವಾದವರು ಯಾಕೆ ಒಬ್ಬರೇ ಕೂರುತ್ತಾರೆ ಅಂತ ಕೇಳುವವರಿಗೆ ಇದು ಗೊತ್ತಿರಲಿ.

2022ರಲ್ಲಿ ಮಗ ಒಂದು ಅಂಗಡಿಗೆ ಕರೆದುಕೊಂಡು ಹೋದ. ಹೆಸರು ಬೇಡ. ಸದ್ದು ಬಾರದ ಗಾಜಿನ ಕೋಣೆಯಲ್ಲಿ ಕೂರಿಸಿ 'ಕುಂಯ್' ಸದ್ದು ಕೇಳಿಸಿದರು, ಕೇಳಿದಾಗಲೆಲ್ಲ ಗುಂಡಿ ಒತ್ತಿದೆ. ಕಂಪ್ಯೂಟರಿಗೆ ವೈರ್ ಹಾಕಿ ಮಿಷಿನ್ ಸೆಟ್ ಮಾಡಿದರು. ಎದುರಿಗೆ ಕುಳಿತ ಹುಡುಗ, 'ಅಮ್ಮಾ, ಈಗ ಕೇಳಿಸ್ತಾ?' ಅಂದ. ಎರಡು ಅಡಿ ದೂರದಲ್ಲಿ, ಗಾಜಿನ ಕೋಣೆಯಲ್ಲಿ, ಅವನ ತುಟಿ ನೋಡುತ್ತಾ ಇದ್ದರೆ ಕೇಳಿಸದೆ ಇರುತ್ತದೆಯೇ? ಕೇಳಿಸ್ತು ಅಂದೆ. ಜೋಡಿಗೆ 38,000 ರೂಪಾಯಿ ಕೊಟ್ಟು ಬಂದೆವು. ಪರೀಕ್ಷೆ ಅಷ್ಟೇ.

ಮನೆಗೆ ಬಂದು ಹಾಕಿಕೊಂಡರೆ ಪಾತ್ರೆ ಸದ್ದು ತಲೆಗೆ ಹೊಡೆದ ಹಾಗೆ. ಪಕ್ಕದ ಮನೆ ಮಗ್ಗ ನನ್ನ ಕಿವಿಯೊಳಗೇ ಓಡಿದ ಹಾಗೆ. ಸೊಸೆ 'ಅತ್ತೆ' ಅನ್ನುವುದು ಮಾತ್ರ ಮೊದಲಿನಂತೆಯೇ ಮಂಕು. ಎರಡು ಸಲ ಅಂಗಡಿಗೆ ಹೋದೆ. 'ಅಭ್ಯಾಸ ಆಗುತ್ತೆ ಅಮ್ಮಾ' ಅಂದರು. ಅಭ್ಯಾಸಕ್ಕೆ ಸಮಯ ಬೇಕು ಎನ್ನುವುದು ಸುಳ್ಳಲ್ಲ. ಆದರೆ ಅಳತೆ ತಪ್ಪಿದ ರವಿಕೆ ಎಷ್ಟು ದಿನ ಹಾಕಿಕೊಂಡರೂ ಮೈಗೆ ಕೂರುವುದಿಲ್ಲ ಅಲ್ವಾ? ಎಂಟು ತಿಂಗಳು ಆ ಜೋಡಿ ಸ್ಟೀಲ್ ಡಬ್ಬಿಯಲ್ಲಿತ್ತು.

ಆಮೇಲೆ ಯಾರೋ ಹೇಳಿದರು ಅಂತ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಬೆಳಗಿನ ಜಾವ 4 ಗಂಟೆಗೆ ಮನೆ ಬಿಟ್ಟೆವು. 1965ರಿಂದ ಇರುವ ಸಂಸ್ಥೆ ಅದು, ಮಾನಸಗಂಗೋತ್ರಿಯಲ್ಲಿದೆ. ಅಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಪರೀಕ್ಷೆ ಅಂದರೆ ಏನು ಅಂತ ನನಗೆ ತಿಳಿದದ್ದೇ ಅಲ್ಲಿ.

ಮೊದಲು 25 ಕನ್ನಡ ಪದ ಕೇಳಿಸಿದರು. ಕೇಳಿದ್ದನ್ನು ಹಾಗೇ ಹೇಳಬೇಕು. ಮಿಷಿನ್ ಇಲ್ಲದೆ 11 ಸರಿ ಹೇಳಿದೆ, ನನ್ನ ಮಿಷಿನ್ ಹಾಕಿಕೊಂಡು 15. ಆಮೇಲೆ ಹಿಂದೆ ಗದ್ದಲ ಬಿಟ್ಟು ಕೇಳಿಸಿದರು. ಆಗ 7 ಮಾತ್ರ. ಗಾಜಿನ ಕೋಣೆಯಲ್ಲಿ 'ಕೇಳಿಸ್ತು' ಅಂದ ಅದೇ ಮಿಷಿನ್! ನನ್ನ ಮನೆಯ ಕಷ್ಟವನ್ನು ಯಾರೋ ಮೊದಲ ಸಲ ಅಂಕಿಯಲ್ಲಿ ಬರೆದು ತೋರಿಸಿದಾಗ ಕಣ್ಣಲ್ಲಿ ನೀರು ಬಂತು. ಕುಂಯ್ ಸದ್ದಿನ ಪರೀಕ್ಷೆಯ ಕಾಗದದಲ್ಲಿ, ಎಷ್ಟು ಕೇಳುತ್ತದೆ ಎಂದು ತೋರಿಸುವ ಗೆರೆ ಇಬ್ಬರಿಗೂ ಒಂದೇ ಥರ ಬಂದರೂ, ಗದ್ದಲದಲ್ಲಿ ಒಬ್ಬರಿಗೆ ಮಾತು ತಿಳಿಯಬಹುದು, ಇನ್ನೊಬ್ಬರಿಗೆ ತಿಳಿಯದೇ ಇರಬಹುದಂತೆ. ಅದನ್ನು ಬೇರೆಯಾಗಿಯೇ ಅಳೆಯಬೇಕು.

ಇನ್ನೊಂದು ಕೆಲಸ ಮಾಡಿದರು. ತುಂಬ ತೆಳ್ಳಗಿನ ಮೆತ್ತನೆ ಕೊಳವೆಯನ್ನು ಕಿವಿಯೊಳಗೆ ಇಟ್ಟು, ಅದರ ಪಕ್ಕದಲ್ಲೇ ಮಿಷಿನ್ ಹಾಕಿ, ಕಿವಿ ತಮಟೆಯ ಹತ್ತಿರ ನಿಜವಾಗಿ ಎಷ್ಟು ಸದ್ದು ಮುಟ್ಟುತ್ತಿದೆ ಎಂದು ಅಳೆದರು. ಒಬ್ಬೊಬ್ಬರ ಕಿವಿಯ ಕೊಳವೆ ಒಂದೊಂದು ಉದ್ದ, ಒಂದೊಂದು ಅಗಲ. ಅಂಗಡಿಯ ಕಂಪ್ಯೂಟರ್ ತೋರಿಸುವುದು ಅಂದಾಜು. ನನ್ನ ಕಿವಿಯಲ್ಲಿ ಬೇಕಾದ ಕಡೆ ಸದ್ದು ಕಮ್ಮಿ, ಬೇಡದ ಕಡೆ ಜಾಸ್ತಿ ಇತ್ತು. ಅಳೆದು, ತಿದ್ದಿ, ಮತ್ತೆ ಅಳೆದರು. ಕಿವಿಯ ಅಚ್ಚು ತೆಗೆದು, ನನ್ನ ಕಿವಿಗೇ ಸರಿಯಾಗಿ ಕೂರುವ ಮೋಲ್ಡ್ ಮಾಡಿಸಿದರು. ಮುಂದಿನ ಸಲ ಹೋದಾಗ ಅದೇ ಪದಗಳ ಪರೀಕ್ಷೆಯಲ್ಲಿ 21 ಬಂತು, ಗದ್ದಲದಲ್ಲಿ 14. ಮಿಷಿನ್ ಅದೇ, ಹೊಸದು ಕೊಂಡಿಲ್ಲ. ಕಲ್ಯಾಣ ಮಂಟಪದಲ್ಲಿ ಇವತ್ತಿಗೂ ನನಗೆ ಮಾತು ತಿಳಿಯುವುದಿಲ್ಲ. ಅದನ್ನೂ ಅವರು ಮೊದಲೇ ಹೇಳಿದ್ದರು. ಆದರೆ ಅಡುಗೆ ಮನೆಯಲ್ಲಿ ಸೊಸೆಯ ಜೊತೆ ಮಾತಾಡುತ್ತಾ ಕೆಲಸ ಮಾಡುತ್ತೇನೆ.

ಸೀರೆ ಕೊಳ್ಳುವವರು ಅಂಗಡಿ ಲೈಟಿನಲ್ಲಿ ನೋಡಿ ದುಡ್ಡು ಕೊಡುವುದಿಲ್ಲ. ಬಾಗಿಲಿಗೆ ತಂದು ಹಗಲು ಬೆಳಕಿಗೆ ಹಿಡಿಯುತ್ತಾರೆ. ಕಿವಿ ಮಿಷಿನ್ನಿಗೂ ಆ ಹಗಲು ಬೆಳಕು ಬೇಕು. ಮಾರುವ ಮುಂಚೆ ಕನ್ನಡ ಪದಗಳಲ್ಲಿ, ಸದ್ದಿಲ್ಲದೆಯೂ ಗದ್ದಲದಲ್ಲೂ, ಹಾಕಿಕೊಂಡೂ ಹಾಕಿಕೊಳ್ಳದೆಯೂ ಎಷ್ಟು ಅಂಕ ಬಂತು ಎಂದು ಚೀಟಿಯಲ್ಲಿ ಬರೆದು ಕೊಡಲಿ. ಎರಡು ವಾರ ಮನೆಗೆ ಕೊಟ್ಟು ನೋಡಲಿ. ಶಿಬಿರದವರು ತಿಂಗಳು ಬಿಟ್ಟು ಇನ್ನೊಮ್ಮೆ ಬಂದು ಸೆಟ್ಟಿಂಗ್ ನೋಡಲಿ. ಎಷ್ಟು ಮಿಷಿನ್ ಹಂಚಿದೆವು ಅನ್ನುವುದರ ಜೊತೆಗೆ ಎಷ್ಟು ಬಳಕೆಯಲ್ಲಿವೆ ಎಂದೂ ಬರೆಯಲಿ.

ಹಣದ ಮಾತೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ಎರಡೂ ಕಿವಿಗೆ 60 ಡೆಸಿಬಲ್ ನಷ್ಟ ಆದ ಮೇಲೆಯೇ ಕಿವಿ ಮಂದ ಎಂಬ ಲೆಕ್ಕ. ನನ್ನ ಒಳ್ಳೆಯ ಕಿವಿಗೆ 54. ಹಾಗಾಗಿ ನನಗೆ ಅಂಗವಿಕಲರ ಕಾರ್ಡ್ ಇಲ್ಲ, ಅದರಿಂದ ಸಿಗುವ ಸಹಾಯವೂ ಇಲ್ಲ. ನಮ್ಮ ಬೀದಿಯಲ್ಲಿ ನನ್ನಂಥವರೇ ಜಾಸ್ತಿ. 'ಸಾಕು' ಕೇಳಿಸದೆ ಇರುವುದಕ್ಕೆ 60 ಆಗಬೇಕಿಲ್ಲ.

ಮಗ ನನ್ನ ಮೊಬೈಲಿಗೆ ಮಾತನ್ನು ಅಕ್ಷರವಾಗಿ ತೋರಿಸುವ ಆ್ಯಪ್ ಹಾಕಿದ್ದಾನೆ. ಟಿವಿ ವಾರ್ತೆ ಓದುವವರ ಕನ್ನಡವನ್ನು ಚೆನ್ನಾಗಿ ಬರೆಯುತ್ತದೆ. ನಮ್ಮ ಮನೆಯಲ್ಲಿ ಕನ್ನಡ, ತೆಲುಗು ಕಲೆಸಿ ಮಾತಾಡುತ್ತೇವೆ. ಆಗ ಏನೇನೋ ಬರೆಯುತ್ತದೆ. ಲಕ್ವ ಹೊಡೆದ ನನ್ನ ತಮ್ಮನ ಮಾತು ತೊದಲು. 'ನೀರು ಕೊಡಕ್ಕಾ' ಅನ್ನುವುದು ನಮಗೆಲ್ಲ ತಿಳಿಯುತ್ತದೆ, ಫೋನಿಗೆ ತಿಳಿಯುವುದಿಲ್ಲ. ಅವನು ಮೂರು ಸಲ ಹೇಳಿ ಫೋನ್ ಪಕ್ಕಕ್ಕಿಟ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 'ವಾಣಿ' ಎಂಬ ಯೋಜನೆಯಲ್ಲಿ, ಜನರಿಗೆ ಚಿತ್ರ ತೋರಿಸಿ ಅವರ ಮಾತನ್ನು ಜಿಲ್ಲೆ ಜಿಲ್ಲೆಯಿಂದ ಸಂಗ್ರಹಿಸುತ್ತಿದ್ದಾರೆ ಎಂದು ಮಗ ಹೇಳಿದ. ಬಹಳ ಒಳ್ಳೆಯ ಕೆಲಸ. ಇಂಥ ಕೆಲಸ ಮಾಡುವವರಲ್ಲಿ ನನ್ನದೊಂದು ಬೇಡಿಕೆ. ಲಕ್ವ ಹೊಡೆದವರು, ಹುಟ್ಟಿನಿಂದ ಕೇಳದವರು, ತೊದಲುವವರು, ಇವರ ದನಿಯನ್ನೂ ಕೇಳಿ ತೆಗೆದುಕೊಳ್ಳಿ. ಆ್ಯಪ್ ಎಷ್ಟು ತಪ್ಪು ಮಾಡುತ್ತದೆ ಎಂದು ಅಳೆಯುವಾಗ ಈ ದನಿಗಳ ತಪ್ಪನ್ನು ಬೇರೆಯಾಗಿ ಎಣಿಸಿ. ಎಲ್ಲರದ್ದನ್ನೂ ಸೇರಿಸಿ ಸರಾಸರಿ ತೆಗೆದರೆ ನನ್ನ ತಮ್ಮ ಅದರಲ್ಲಿ ಕಾಣುವುದೇ ಇಲ್ಲ.

ಮುಂದಿನ ಶಿಬಿರ ಮಾಡುವವರು ದಯವಿಟ್ಟು ನಮ್ಮ ಬೀದಿಗೇ ಬನ್ನಿ, ಮಗ್ಗ ಓಡುವ ಹೊತ್ತಿನಲ್ಲಿ. ನಮ್ಮ ಮನೆಯ ಜಗುಲಿ ಬಿಟ್ಟುಕೊಡುತ್ತೇವೆ. ಪದಗಳ ಪಟ್ಟಿ ಹಿಡಿದು ಅಲ್ಲೇ ಕುಳಿತು ಕೇಳಿಸಿ. ಹಳೇ ಮಿಷಿನ್ ಡಬ್ಬಿಯಲ್ಲಿಟ್ಟವರನ್ನೆಲ್ಲ ಕರೆದು ತರುವ ಕೆಲಸ ನನ್ನದು.

ಇಂತಿ,
ಒಬ್ಬ ನೇಕಾರ ಮಹಿಳೆ, ದೊಡ್ಡಬಳ್ಳಾಪುರ