ಸಾವಯವ ಜಮೀನಿಗೆ ರಾಜ್ಯದ ನೋಂದಣಿ ಪುಸ್ತಕ ಬೇಕು

ಮಾನ್ಯ ಸಂಪಾದಕರೇ,

2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ ನಮ್ಮದು. ಆದರೂ ಒಂದು ಊರಿನ ಯಾವ ಸರ್ವೆ ನಂಬರು, ‘ಇದು ಸಾವಯವ’ ಎಂದು ಸರ್ಟಿಫಿಕೇಟ್ ಕೊಡುವ ಯಾವ ದೃಢೀಕರಣ ಸಂಸ್ಥೆಯಲ್ಲಿ, ಯಾವ ದಿನಾಂಕದಿಂದ ನೋಂದಣಿಯಾಗಿದೆ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ತೆಗೆದು ತೋರಿಸಲು ಪಟ್ಟಿಯಿಲ್ಲ. ಇದರ ನಷ್ಟ ಬೀಳುವುದು ರೈತರ ಮೇಲೆ.

ದೃಢೀಕರಣಕ್ಕೆ ಈಗಿರುವ ದಾರಿ ಎರಡು. ಒಂದು, 2001ರಿಂದ ನಡೆಯುತ್ತಿರುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ (ಎನ್‌ಪಿಒಪಿ). ವಾಣಿಜ್ಯ ಸಚಿವಾಲಯದ ಅಡಿಯಲ್ಲಿ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾ ಇದನ್ನು ನೋಡಿಕೊಳ್ಳುತ್ತದೆ, ಮಾನ್ಯತೆ ಪಡೆದ ಸಂಸ್ಥೆಗಳು ಜಮೀನಿಗೆ ಬಂದು ತಪಾಸಣೆ ಮಾಡುತ್ತವೆ. ಇನ್ನೊಂದು ಕೃಷಿ ಸಚಿವಾಲಯದ ಪಿಜಿಎಸ್ (ಸಹಭಾಗಿತ್ವದ ಖಾತರಿ ವ್ಯವಸ್ಥೆ). ಕನಿಷ್ಠ ಐದು ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುವ ವ್ಯವಸ್ಥೆ ಅದು. ದೇಶದೊಳಗಿನ ಮಾರಾಟಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮಗಳು ಎರಡನ್ನೂ ಒಪ್ಪುತ್ತವೆ. ರಫ್ತು ಮಾಡುವವರಿಗೆ ಪಿಜಿಎಸ್ ಸಾಲದು.

ರೈತರು ಹೆಚ್ಚು ಏಟು ತಿನ್ನುವುದು ದಿನಾಂಕದಲ್ಲಿ. ರಾಗಿ, ತೊಗರಿಯಂಥ ವಾರ್ಷಿಕ ಬೆಳೆಗೆ ಬಿತ್ತನೆಗೆ ಮೊದಲು ಎರಡು ವರ್ಷ, ಅಡಿಕೆ, ತೆಂಗು, ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಕೊಯ್ಲಿಗೆ ಮೊದಲು ಮೂರು ವರ್ಷ ಪರಿವರ್ತನಾ ಅವಧಿ (ರಾಸಾಯನಿಕ ಬಿಟ್ಟು ಸಾವಯವಕ್ಕೆ ಬದಲಾಗುವ ಕಾಲ) ಇರುತ್ತದೆ. ‘ಯೂರಿಯಾ ಬಿಟ್ಟು ಐದು ವರ್ಷವಾಯಿತು’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಜಮೀನು ಸಂಸ್ಥೆಯ ದಾಖಲೆಗೆ ಬಂದ ಮೇಲೆಯೇ ಅವಧಿಯ ಎಣಿಕೆ ಶುರು. ಹಿಂದಿನ ವರ್ಷಗಳನ್ನು ಪರಿಗಣಿಸಿ ಅವಧಿ ಕಡಿಮೆ ಮಾಡಲು ನಿಯಮದಲ್ಲಿ ಅವಕಾಶವಿದೆ, 2025ರ ಜನವರಿಯಲ್ಲಿ ಬಿಡುಗಡೆಯಾದ ಎನ್‌ಪಿಒಪಿಯ ಎಂಟನೇ ಆವೃತ್ತಿಯೂ ಷರತ್ತುಗಳೊಂದಿಗೆ ಇದನ್ನು ಹೇಳುತ್ತದೆ. ಆದರೆ ಅದಕ್ಕೆ ಪುರಾವೆ ಬೇಕು. ಬೀಳುಬಿಟ್ಟ ಜಮೀನಾಗಿತ್ತು, ಬರೀ ಕೊಟ್ಟಿಗೆ ಗೊಬ್ಬರ ಹಾಕಿದ್ದೆವು ಎನ್ನುವುದಕ್ಕೆ ಸಣ್ಣ ರೈತರು ಯಾವ ಕಾಗದ ತಂದಾರು? ಕೃಷಿ ಅಧಿಕಾರಿ ಹೊಲ ನೋಡಿ, ದಿನಾಂಕ ಹಾಕಿ, ರಾಜ್ಯದ ಪುಸ್ತಕದಲ್ಲಿ ನಮೂದಿಸಿದ್ದರೆ ಅದೇ ಪುರಾವೆಯಾಗುತ್ತಿತ್ತು. ಬೆಳೆ ಸಮೀಕ್ಷೆಗೆಂದು ಹಂಗಾಮಿಗೊಮ್ಮೆ ಪ್ರತಿ ತಾಕಿನ ಫೋಟೊ ತೆಗೆಯುವ ವ್ಯವಸ್ಥೆ ನಮ್ಮಲ್ಲಿ ಈಗಾಗಲೇ ಇದೆ. ಅದಕ್ಕೆ ಒಂದು ಕಾಲಂ ಸೇರಿಸಿದರೆ ಸಾಕು.

ಎರಡನೇ ತೊಡಕು ಪಹಣಿಯದು. ಖಾತೆ ತೀರಿಹೋದ ತಂದೆಯ ಹೆಸರಿನಲ್ಲೇ ಇರುತ್ತದೆ, ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿರುತ್ತದೆ, ಇಲ್ಲವೇ ಹಿಸ್ಸಾ (ಪಾಲು) ಆಗಿದ್ದರೂ ಪೋಡಿ (ಅಳತೆ ಮಾಡಿ ಪ್ರತ್ಯೇಕ ನಕ್ಷೆ ಮಾಡುವುದು) ಆಗಿರುವುದಿಲ್ಲ. ಒಂದೇ ಸರ್ವೆ ನಂಬರಿನಲ್ಲಿ ಅಣ್ಣ ರಾಸಾಯನಿಕ ಹಾಕುತ್ತಿದ್ದು ತಮ್ಮ ಸಾವಯವಕ್ಕೆ ಬಂದರೆ ಗಡಿ ಎಲ್ಲಿ, ರಾಸಾಯನಿಕ ಈಚೆಗೆ ಬಾರದಂತೆ ನಡುವೆ ಬಿಡುವ ತಡೆಪಟ್ಟಿ ಎಲ್ಲಿ ಎಂದು ತೋರಿಸುವ ನಕ್ಷೆಯೇ ಇರುವುದಿಲ್ಲ. ದೃಢೀಕರಣಕ್ಕೆ ಸೇರುವವರು ಮೊದಲು ಪೌತಿ ಖಾತೆ (ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ಪೋಡಿ ಮುಗಿಸಿಕೊಳ್ಳಲಿ. ಅದಾಗುವವರೆಗೆ ಕಾಯಲಾಗದಿದ್ದರೆ ಜಂಟಿ ಖಾತೆದಾರರ ಒಪ್ಪಿಗೆ ಪತ್ರ ಮತ್ತು ಕೈನಕ್ಷೆಯನ್ನು ಕಡತದಲ್ಲಿ ಇಡಲೇಬೇಕು.

ಬೆಳೆಪಟ್ಟಿಯ ವಿಷಯವನ್ನಂತೂ ಯಾರೂ ಮೊದಲೇ ತಿಳಿಸುವುದಿಲ್ಲ. ನಮ್ಮ ಕಡೆ ರಾಗಿ ಹೊಲ ಎಂದರೆ ಬರೀ ರಾಗಿಯಲ್ಲ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ಜೋಳ, ನಡುನಡುವೆ ಸಾಸಿವೆ. ಅರ್ಜಿ ತುಂಬುವವರು ‘ರಾಗಿ, 2 ಎಕರೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ದೃಢೀಕೃತ ಬೆಳೆಗಳ ಪಟ್ಟಿಯಿರುವ ಸ್ಕೋಪ್ ಸರ್ಟಿಫಿಕೇಟಿನಲ್ಲಿ ಹೆಸರಿಲ್ಲದ ಬೆಳೆಗೆ, ಮಾರಾಟದ ಸರಕಿಗೆ ಕೊಡುವ ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ ಸಿಗದು. ಹಾಗಾಗಿ ಅದೇ ಹೊಲದ ಅವರೆಯನ್ನು ಸಾವಯವ ಎಂದು ಮಾರುವಂತಿಲ್ಲ. ಇಳುವರಿಯದೂ ಇದೇ ಕಥೆ: ಎಂಟು ಕ್ವಿಂಟಲ್ ಎಂದು ಅಂದಾಜು ಬರೆಸಿ ಹನ್ನೆರಡು ಬೆಳೆದರೆ ಮಿಕ್ಕ ನಾಲ್ಕು ಮಾಮೂಲಿ ದರಕ್ಕೆ ಹೋಗುತ್ತದೆ. ಕಾಳು ಹೊಲದಲ್ಲಿರುವಾಗಲೇ ಸಂಸ್ಥೆಗೆ ತಿಳಿಸಿದರೆ ಸರಿಪಡಿಸಲು ದಾರಿಯಿರುತ್ತದೆ, ಮೂಟೆ ಕಟ್ಟಿದ ಮೇಲೆ ಕಷ್ಟ. ಬಿತ್ತನೆ ಬೀಜದ ಚೀಟಿಯನ್ನೂ ಎಸೆಯಬಾರದು. ಬಣ್ಣದ ರಾಸಾಯನಿಕ ಬಳಿದು ಬೀಜೋಪಚಾರ ಮಾಡಿದ ಬೀಜ ಬಿತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ಪರಿವರ್ತನಾ ಅವಧಿ ಮತ್ತೆ ಮೊದಲಿನಿಂದ ಶುರುವಾಗಬಹುದು.

ಎನ್‌ಪಿಒಪಿಯಲ್ಲಿ ಹಲವು ರೈತರಿಗೆ ಸೇರಿ ಒಂದೇ ಸರ್ಟಿಫಿಕೇಟ್ ಕೊಡುವ ಗುಂಪು ದೃಢೀಕರಣದಲ್ಲಿ ಅದು ರೈತರ ಹೆಸರಿನಲ್ಲಿರುವುದಿಲ್ಲ. ಗುಂಪನ್ನು ನಡೆಸುವವರು ಖರೀದಿ ಕಂಪನಿಯವರೇ ಆಗಿದ್ದಲ್ಲಿ ರೈತರು ಬೇರೆಯವರಿಗೆ ಮಾರಲು ಹೋದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಗುಂಪಿನವರೇ ಮಾಡುವ ಆಂತರಿಕ ತಪಾಸಣೆ ವರ್ಷಕ್ಕೆ ಎರಡು ನಡೆಯಬೇಕು. ಎಷ್ಟೋ ಕಡೆ ಒಂದೇ ದಿನ ಕೂತು ಎರಡಕ್ಕೂ ಸಹಿ ಹಾಕಿಸಿಕೊಳ್ಳುತ್ತಾರೆ, ತನ್ನ ಹೆಸರು ಪಟ್ಟಿಯಲ್ಲಿದೆ ಎಂಬುದೇ ರೈತನಿಗೆ ಗೊತ್ತಿರುವುದಿಲ್ಲ. ಹೊಸ ಆವೃತ್ತಿ ಬೆಳೆಗಾರರ ಗುಂಪಿಗೇ ಕಾನೂನು ಸ್ಥಾನ ಕೊಟ್ಟಿದೆ. ಒಳ್ಳೆಯ ಬದಲಾವಣೆ. ಆದರೆ ಗುಂಪಿನ ಸದಸ್ಯರ ಪಟ್ಟಿ ಊರವರ ಕಣ್ಣಿಗೆ ಬೀಳದಿದ್ದರೆ ಸುಳ್ಳು ಹೆಸರುಗಳು ಹಾಗೇ ಮುಂದುವರಿಯುತ್ತವೆ.

ಕೇಂದ್ರದ ನಿಯಮವಿರುವಾಗ ರಾಜ್ಯದ್ದೇಕೆ ಎಂದು ಕೇಳುವವರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದ ಉದಾಹರಣೆ ಇದೆ. ಅಲ್ಲಿ ಕೇಂದ್ರ ಸರ್ಕಾರದ ಸಾವಯವ ಕಾಯ್ದೆಯ ಜೊತೆಗೆ ಬೆಳೆಗಾರರೂ, ದೃಢೀಕರಣ ಸಂಸ್ಥೆಗಳೂ ರಾಜ್ಯ ಕೃಷಿ ಇಲಾಖೆಯಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ವರ್ಷಕ್ಕೆ 5,000 ಡಾಲರ್ ಮೀರದ ವಹಿವಾಟಿನ ಸಣ್ಣ ಬೆಳೆಗಾರರಿಗೆ ದೃಢೀಕರಣದಿಂದ ವಿನಾಯಿತಿ ಇದ್ದರೂ ರಾಜ್ಯದ ನೋಂದಣಿಯಿಂದ ಇಲ್ಲ. ನಮ್ಮಲ್ಲೂ ಬೆಳೆದ ಸಣ್ಣ ರೈತರೇ ನೇರವಾಗಿ ಗ್ರಾಹಕರಿಗೆ ಮಾರಿದರೆ 2017ರ ನಿಯಮಗಳಡಿ ದೃಢೀಕರಣದಿಂದ ವಿನಾಯಿತಿಯಿದೆ. ಸಂತೆಯಲ್ಲಿ ಕೂತು ಪ್ರಾಮಾಣಿಕವಾಗಿ ಮಾರುವವರನ್ನೂ, ಮಂಡಿಯಿಂದ ತಂದು ಬೋರ್ಡು ಹಾಕಿಕೊಂಡವರನ್ನೂ ಬೇರ್ಪಡಿಸಲು ಸರಳ, ಶುಲ್ಕವಿಲ್ಲದ ನೋಂದಣಿಯೇ ದಾರಿ.

ಆ ಪುಸ್ತಕದಲ್ಲಿ ಇರಬೇಕಾದ್ದು ಇಷ್ಟೇ: ರೈತರ ಫ್ರೂಟ್ಸ್ (ರಾಜ್ಯದ ರೈತ ನೋಂದಣಿ ವ್ಯವಸ್ಥೆ) ಸಂಖ್ಯೆ, ಸರ್ವೆ ಮತ್ತು ಹಿಸ್ಸಾ ನಂಬರು, ಅಕ್ಕಡಿ ಸಾಲು ಸೇರಿ ಎಲ್ಲ ಬೆಳೆ, ಕೊನೆಯ ಬಾರಿ ರಾಸಾಯನಿಕ ಹಾಕಿದ ದಿನಾಂಕ, ಸಂಸ್ಥೆ ಅಥವಾ ಗುಂಪಿನ ಹೆಸರು, ಸರ್ಟಿಫಿಕೇಟಿನ ಅವಧಿ. ರಾಜ್ಯದಲ್ಲಿ ಕೆಲಸ ಮಾಡುವ ಪ್ರತಿ ದೃಢೀಕರಣ ಸಂಸ್ಥೆಯೂ ಹಂಗಾಮಿಗೆ ಮೊದಲು ತನ್ನ ಪಟ್ಟಿಯನ್ನು ಊರುವಾರು ಕೊಡಬೇಕು. ಸರ್ವೆ ನಂಬರು, ಬೆಳೆ ಮತ್ತು ಸಂಸ್ಥೆಯ ಹೆಸರಿರುವ ಭಾಗವನ್ನು ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೆ ಅಂಟಿಸಿ ಆಕ್ಷೇಪಣೆಗೆ 15 ದಿನ ಕೊಡಬೇಕು. ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಗೆ ಈ ಪುಸ್ತಕದ ಹೊಣೆ ಒಪ್ಪಿಸುವುದು ಸರಿಯಲ್ಲ, ಅದೂ ಒಂದು ದೃಢೀಕರಣ ಸಂಸ್ಥೆಯೇ. ಕೃಷಿ ಇಲಾಖೆ ನೇರವಾಗಿ ಇಟ್ಟುಕೊಳ್ಳಲಿ, ಮುಂಗಾರು ಬಿತ್ತನೆಗೆ ಮುಂಚೆಯೇ ಅರ್ಜಿ ತೆಗೆದುಕೊಳ್ಳಲು ಶುರು ಮಾಡಲಿ.

– ಸಾವಯವ ದೃಢೀಕರಣದ ಕಡತ ಕೆಲಸ ಮಾಡುವ ಕೆಲವರು, ತುಮಕೂರು ಜಿಲ್ಲೆ