ಗೇಮ್ ವಿಮರ್ಶೆ ಆಡಿ ನೋಡಿದವರಿಂದ ಬರಲಿ

ಮಾನ್ಯ ಸಂಪಾದಕರೇ,

ಹೊಸ ಸಿನಿಮಾಗಳ ವಿಮರ್ಶೆಯನ್ನು ಪತ್ರಿಕೆಯಲ್ಲಿ ಓದಿದ ಮೇಲೆಯೇ ಚಿತ್ರಮಂದಿರಕ್ಕೆ ಹೊರಡುವ ಅಭ್ಯಾಸ ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ಬಂದಿದೆ. ವಿಮರ್ಶಕರು ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೆ ಕುಳಿತು ನೋಡಿ ಬರೆದಿದ್ದಾರೆ ಎಂಬ ನಂಬಿಕೆಯೇ ಇದಕ್ಕೆ ಕಾರಣ. ಈಚಿನ ವರ್ಷಗಳಲ್ಲಿ ಕನ್ನಡ ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ ಕನ್ಸೋಲ್ (ಟಿ.ವಿ.ಗೆ ಜೋಡಿಸಿ ಆಡುವ ಯಂತ್ರ) ವಿಡಿಯೊ ಗೇಮ್‌ಗಳ ಪರಿಚಯವೂ ಆಗಾಗ ಬರುತ್ತಿರುವುದು ಸಂತೋಷದ ಸಂಗತಿ. ಆದರೆ ನಾನು ಓದಿದ ಇಂಥ ಬರಹಗಳಲ್ಲಿ ಹೆಚ್ಚಿನವು ಕಂಪನಿಯ ಪ್ರಕಟಣೆಯನ್ನೂ ಟ್ರೇಲರನ್ನೂ ಆಧರಿಸಿ ಬರೆದಂತೆ ತೋರುತ್ತವೆ. ಬರೆದವರು ಯಾವ ಯಂತ್ರದಲ್ಲಿ ಆಡಿದರು, ಎಷ್ಟು ಗಂಟೆ ಆಡಿದರು ಎಂಬ ಒಂದು ಸಾಲೂ ಅವುಗಳಲ್ಲಿ ಇರುವುದಿಲ್ಲ. ಮೂವತ್ತು ವರ್ಷಗಳಿಂದ ಗೇಮ್ ಆಡುತ್ತಾ ಬಂದವನಾಗಿ ಈ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಗಮನಕ್ಕೆ ತರಲು ಬಯಸುತ್ತೇನೆ.

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಶಿವಮೊಗ್ಗದ ನಮ್ಮ ಮನೆಗೆ ಬಂದಿದ್ದ. ಅಂಥದೊಂದು ಪರಿಚಯ ಲೇಖನವನ್ನು ನಂಬಿ ಅವನಿಗಾಗಿ ಕಾರ್ ರೇಸಿನ ಹೊಸ ಗೇಮೊಂದರ ಡಿಸ್ಕ್ ಕೊಂಡು ತಂದೆ. ಬೆಲೆ ನಾಲ್ಕು ಸಾವಿರ ರೂಪಾಯಿಗೆ ತುಸು ಕಡಿಮೆ. ನಮ್ಮಲ್ಲಿರುವುದು ಹತ್ತು ವರ್ಷದ ಹಳೆಯ ಕನ್ಸೋಲ್. ಡಬ್ಬಿಯ ಮೇಲೆ ಅದರ ಹೆಸರೂ ಇತ್ತು. ಡಿಸ್ಕ್ ಹಾಕಿದ ಕೂಡಲೇ ನಲವತ್ತು ಜಿ.ಬಿ.ಗೂ ಮೀರಿದ ಅಪ್‌ಡೇಟ್ ಬೇಕೆಂದು ಕೇಳಿತು. ನಮ್ಮ ಬಡಾವಣೆಯ ಇಂಟರ್‌ನೆಟ್ಟಿನಲ್ಲಿ ಅದು ಇಳಿಯಲು ಎರಡು ದಿನ ಹಿಡಿಯಿತು. ಹುಡುಗ ಊಟದ ತಟ್ಟೆಯನ್ನೂ ಟಿ.ವಿ. ಮುಂದೆಯೇ ಇಟ್ಟುಕೊಂಡು ಪರದೆಯ ಮೇಲಿನ ಗೆರೆ ಎಷ್ಟು ಮುಂದಕ್ಕೆ ಹೋಯಿತೆಂದು ನೋಡುತ್ತಿದ್ದ. ಕೊನೆಗೂ ಆಟ ಶುರುವಾಯಿತು. ಬಿಸಿಲಿನ ರಸ್ತೆಯಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ಮಳೆ ಬೀಳುವ ರೇಸು ಬಂದಾಗ, ಅದರಲ್ಲೂ ಹತ್ತಾರು ಕಾರುಗಳು ಒಟ್ಟಿಗೆ ತಿರುವಿಗೆ ಬಂದಾಗಲೆಲ್ಲ, ಚಿತ್ರ ತಡವರಿಸಿ ನಿಂತು ನಿಂತು ಮುಂದಕ್ಕೆ ಜಿಗಿಯುತ್ತಿತ್ತು. ಅಷ್ಟರಲ್ಲಿ ಕಾರು ಗೋಡೆಗೆ ಬಡಿದಿರುತ್ತಿತ್ತು. ನಾಲ್ಕನೇ ಸಲ ಹೀಗಾದಾಗ ಅವನು ಕಂಟ್ರೋಲರನ್ನು ಕೆಳಗಿಟ್ಟು, "ಮಾಮ, ನಮ್ಮ ಟಿ.ವಿ. ಹಳೇದು ಅಂತ ಹೀಗಾಗ್ತಿದೆಯಾ?" ಎಂದು ಕೇಳಿದ.

ಟಿ.ವಿ.ಯ ತಪ್ಪೇನೂ ಇರಲಿಲ್ಲ. ಸೆಕೆಂಡಿಗೆ 30 ಚಿತ್ರಗಳನ್ನು ತೋರಿಸುವ ಆಟದಲ್ಲಿ ಪ್ರತಿಯೊಂದು ಚಿತ್ರವನ್ನು ಸಿದ್ಧಪಡಿಸಲು ಯಂತ್ರಕ್ಕೆ ಸುಮಾರು 33 ಮಿಲಿಸೆಕೆಂಡುಗಳಷ್ಟು ಸಮಯವಿರುತ್ತದೆ. 60 ಚಿತ್ರಗಳಾದರೆ 17 ಮಿಲಿಸೆಕೆಂಡಿಗಿಂತಲೂ ಕಡಿಮೆ. ಮಳೆಹನಿ, ಒದ್ದೆ ರಸ್ತೆಯ ಪ್ರತಿಬಿಂಬ, ಇಪ್ಪತ್ತು ಕಾರುಗಳ ಲೆಕ್ಕಾಚಾರ ಎಲ್ಲವೂ ಒಟ್ಟಿಗೆ ಬಿದ್ದಾಗ ಹಳೆಯ ಪ್ರೊಸೆಸರು ಆ ಗಡುವನ್ನು ತಪ್ಪಿಸುತ್ತದೆ, ಹಿಂದಿನ ಚಿತ್ರವೇ ಪರದೆಯ ಮೇಲೆ ಉಳಿಯುತ್ತದೆ, ಕೈ ಒತ್ತಿದ ಗುಂಡಿಗೆ ಕಣ್ಣು ಕಾಣುವ ಉತ್ತರ ತಡವಾಗುತ್ತದೆ. ಇದನ್ನು ತಿಳಿಯಲು ಪ್ರಯೋಗಾಲಯವೇನೂ ಬೇಕಿಲ್ಲ. ಲೇಖನ ಬರೆದವರು ಆ ಹಳೆಯ ಯಂತ್ರದಲ್ಲಿ ಮಳೆಯ ರೇಸೊಂದನ್ನು ಆಡಿದ್ದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು. ಹನ್ನೆರಡು ವರ್ಷದ ಹುಡುಗನೊಬ್ಬ ತನ್ನ ಮಾವನ ಮನೆಯ ಟಿ.ವಿ.ಯನ್ನು ಅನುಮಾನಿಸುವಂತಾದದ್ದು ನನಗೆ ಹಣ ಹೋದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಸಿನಿಮಾ ವಿಮರ್ಶೆಗೂ ಗೇಮ್ ವಿಮರ್ಶೆಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿಯೇ ಇದೆ. ಬೆಂಗಳೂರಿನಲ್ಲಿ ನೋಡಿದ ಚಿತ್ರವೇ ಸಾಗರದಲ್ಲಿಯೂ ತೆರೆಕಾಣುತ್ತದೆ. ಗೇಮ್ ಹಾಗಲ್ಲ, ಒಂದೇ ಹೆಸರಿನ ಆಟ ಪಿ.ಸಿ.ಯಲ್ಲಿ ಒಂದು ರೀತಿ, ಹೊಸ ಕನ್ಸೋಲಿನಲ್ಲಿ ಇನ್ನೊಂದು ರೀತಿ, ಹಳೆಯದರಲ್ಲಿ ಮತ್ತೊಂದು ರೀತಿ ಇರಬಹುದು, ಬಿಡುಗಡೆಯ ದಿನ ಇದ್ದ ಆಟ ಆರು ತಿಂಗಳ ಬಳಿಕ ಬೇರೆಯೇ ಆಗಿರಬಹುದು. 2020ರ ಡಿಸೆಂಬರ್ 10ರಂದು ಬಿಡುಗಡೆಯಾದ 'ಸೈಬರ್‌ಪಂಕ್ 2077' ಇದಕ್ಕೆ ಎಲ್ಲರೂ ನೆನಪಿಡಬೇಕಾದ ಉದಾಹರಣೆ. ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ಕಂಪನಿ ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ಕೊಟ್ಟದ್ದು ಪಿ.ಸಿ. ಆವೃತ್ತಿಯನ್ನು ಮಾತ್ರ. ಆಡುವಾಗ ತಾವೇ ಸೆರೆಹಿಡಿದ ವಿಡಿಯೊವನ್ನು ವಿಮರ್ಶೆಯಲ್ಲಿ ತೋರಿಸಬಾರದು, ಕಂಪನಿ ಕೊಟ್ಟ ದೃಶ್ಯಗಳನ್ನೇ ಬಳಸಬೇಕು ಎಂಬ ಷರತ್ತೂ ಇತ್ತು. ಹೊಗಳಿಕೆಯ ವಿಮರ್ಶೆಗಳು ಬಂದವು. ಎಂಬತ್ತು ಲಕ್ಷ ಮಂದಿ ಮುಂಗಡವಾಗಿ ಖರೀದಿಸಿದ್ದರು. ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎಂಬ ಹಳೆಯ ಕನ್ಸೋಲ್‌ಗಳಿದ್ದವರು ಆಟ ತೆರೆದಾಗ ಮಸುಕಾದ ಚಿತ್ರ, ಕುಂಟುವ ವೇಗ, ನಡುವೆಯೇ ಮುಚ್ಚಿಹೋಗುವ ಆಟ ಎದುರಾಯಿತು. ಹಳೆಯ ಕನ್ಸೋಲ್‌ಗಳಲ್ಲಿ ಆಟ ಹೇಗೆ ನಡೆಯುತ್ತದೆಂಬುದನ್ನು ಮೊದಲೇ ತೋರಿಸದೆ ಇದ್ದುದಕ್ಕಾಗಿ ಕಂಪನಿ ಕ್ಷಮೆ ಕೇಳಿತು, ಪ್ಲೇಸ್ಟೇಷನ್ ತಯಾರಿಸುವ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದಲೇ ಅದನ್ನು ತೆಗೆದುಹಾಕಿ ಹಣ ಹಿಂದಿರುಗಿಸಲು ಮುಂದಾಯಿತು. ಆಟ ಮತ್ತೆ ಆ ಅಂಗಡಿಗೆ ಬಂದದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರಿನ 2.0 ಅಪ್‌ಡೇಟ್ ಆದ ಮೇಲೆ ಬೇರೆಡೆ ಹೊಸ ಕನ್ಸೋಲಿನಲ್ಲಿ ಅದೇ ಆಟವನ್ನು ನಾನು ಮನಸಾರೆ ಆಡಿದ್ದೇನೆ, ಅದು ನಿಜಕ್ಕೂ ದೊಡ್ಡ ಕೃತಿ. ಹಾಗಾದರೆ 2020ರ ವಿಮರ್ಶೆ ಸುಳ್ಳೇ? ಪಿ.ಸಿ.ಯಲ್ಲಿ ಆಡಿದವರು ತಾವು ಕಂಡದ್ದನ್ನು ಬರೆದರು. ಆದರೆ ಅದನ್ನು ಓದಿ ಹಣ ಕೊಟ್ಟವರಲ್ಲಿ ಅಸಂಖ್ಯ ಮಂದಿಯ ಮನೆಯಲ್ಲಿದ್ದದ್ದು ಬೇರೆ ಯಂತ್ರ. ತಮ್ಮ ಯಂತ್ರದಲ್ಲಿ ಆಟ ಹೇಗಿದೆ ಎಂಬ ಮಾಹಿತಿ ಅವರಿಗೆ ಮೊದಲೇ ಸಿಗದೆ ಇದ್ದುದರಿಂದ ಇಷ್ಟೆಲ್ಲ ಆಯಿತು.

ನಮ್ಮಲ್ಲಿ ಈ ತೊಂದರೆಗೆ ಮತ್ತೊಂದು ಮುಖವೂ ಇದೆ. ವಿದೇಶಿ ವಿಮರ್ಶೆಗಳ ಸಾರವನ್ನು ಕನ್ನಡಕ್ಕೆ ತಂದು ಪ್ರಕಟಿಸುವಾಗ ಅವರು ಆಡಿದ ಯಂತ್ರ ನಮ್ಮ ಅಂಗಡಿಗಳಲ್ಲಿ ಸಿಗುತ್ತದೆಯೇ ಎಂದು ಯಾರೂ ನೋಡುವುದಿಲ್ಲ. 2024ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೊ ಆಗ ಭಾರತದಲ್ಲಿ ಬಿಡುಗಡೆಯಾಗಲೇ ಇಲ್ಲ. ಅದರ ವೈ-ಫೈ ಬಳಸುವ 6 ಗಿಗಾಹರ್ಟ್ಸ್ ತರಂಗಾಂತರಕ್ಕೆ ಇಲ್ಲಿ ಅನುಮತಿ ಇರಲಿಲ್ಲವೆಂಬುದು ಸೋನಿ ಕೊಟ್ಟ ಕಾರಣ. ಆ ಯಂತ್ರದ ವಿಶೇಷವೆಂದರೆ ಕಡಿಮೆ ಬಿಂದುಗಳಲ್ಲಿ ರಚಿಸಿದ ಚಿತ್ರವನ್ನು ಯಂತ್ರಕಲಿಕೆಯ ನೆರವಿನಿಂದ ಹಿಗ್ಗಿಸಿ, 4ಕೆ ಪರದೆಗೆ ಒಗ್ಗುವಷ್ಟು ಸ್ಫುಟಗೊಳಿಸುವುದು. ಹೀಗಾಗಿ ಪ್ರೊದಲ್ಲಿ ಆಡಿ 'ಚಿತ್ರ ಬಹಳ ಸ್ಪಷ್ಟ, ವೇಗವೂ ಚೆನ್ನಾಗಿದೆ' ಎಂದು ಬರೆದ ಮಾತು ಇಲ್ಲಿನ ಓದುಗರ ಮನೆಯ ಸಾಮಾನ್ಯ ಪ್ಲೇಸ್ಟೇಷನ್ 5ಕ್ಕೆ ಅನ್ವಯಿಸಬೇಕೆಂದೇನೂ ಇಲ್ಲ. ಸಾಮಾನ್ಯ ಮಾದರಿಯಲ್ಲಿಯೂ ಹಲವು ಆಟಗಳು ಎರಡು ಬಗೆಯ ಆಯ್ಕೆ ಕೊಡುತ್ತವೆ. ಒಂದರಲ್ಲಿ ಚಿತ್ರ ಅಂದ, ವೇಗ 30. ಇನ್ನೊಂದರಲ್ಲಿ ಚಿತ್ರ ತುಸು ಮಂದ, ವೇಗ 60. ವಿಮರ್ಶಕರು ಯಾವುದರಲ್ಲಿ ಆಡಿದರು ಎಂದು ಹೇಳದಿದ್ದರೆ ಅವರ ಹೊಗಳಿಕೆಯನ್ನು ಎಲ್ಲಿಗೆ ಹೊಂದಿಸಿಕೊಳ್ಳಬೇಕೆಂದು ಓದುಗನಿಗೆ ತೋಚುವುದಿಲ್ಲ.

ತಂತ್ರಜ್ಞಾನದ ಬೆಳವಣಿಗೆಯನ್ನು ಕಡೆಗಣಿಸಿ ಈ ಮಾತು ಹೇಳುತ್ತಿಲ್ಲ. ನನಗೆ ಅದರಲ್ಲಿ ಅಪಾರ ಸಂತೋಷವಿದೆ. ಹಳೆಯ ಆಟಗಳಲ್ಲಿ ನಾಯಕ ಬಂಡೆಗಳ ಇಕ್ಕಟ್ಟಾದ ಸಂದಿಯಲ್ಲಿ ನಿಧಾನವಾಗಿ ನುಸುಳುವುದನ್ನೋ ಲಿಫ್ಟಿನೊಳಗೆ ನಿಂತು ಮಾತಾಡುವುದನ್ನೋ ನಾವು ಕಥೆಯ ಭಾಗವೆಂದೇ ತಿಳಿದಿದ್ದೆವು. ಎಷ್ಟೋ ಸಲ ಅದರ ಹಿಂದೆ, ತಿರುಗುವ ಹಾರ್ಡ್ ಡಿಸ್ಕಿನಿಂದ ಮುಂದಿನ ಪ್ರದೇಶವನ್ನು ಎತ್ತಿ ತರುವ ಕೆಲಸ ನಡೆಯುತ್ತಿತ್ತು. ಪ್ಲೇಸ್ಟೇಷನ್ 5ರ ಎಸ್.ಎಸ್.ಡಿ. (ತಿರುಗುವ ಭಾಗಗಳಿಲ್ಲದ ವೇಗದ ಸಂಗ್ರಹ ಸಾಧನ) ಸೆಕೆಂಡಿಗೆ 5.5 ಜಿ.ಬಿ. ಓದಬಲ್ಲದು. 2021ರ 'ರ‍್ಯಾಚೆಟ್ ಅಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್' ಆಟದಲ್ಲಿ ಒಂದು ಲೋಕದಿಂದ ಇನ್ನೊಂದಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುವಾಗ, ಆಟ ಕಟ್ಟುವ ವಿಧಾನವೇ ಬದಲಾಗಿದೆ ಎಂಬುದು ಕೈಗೇ ತಿಳಿಯುತ್ತದೆ. 2020ರ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2'ರಲ್ಲಿ ಅರವತ್ತಕ್ಕೂ ಹೆಚ್ಚು ಸೌಲಭ್ಯ ಆಯ್ಕೆಗಳಿದ್ದು, ದೃಷ್ಟಿಯಿಲ್ಲದವರೂ ಶಬ್ದದ ಸುಳಿವು ಹಿಡಿದು ಅದನ್ನು ಆಡಿ ಮುಗಿಸುವಂತಾಯಿತು. ಇಂಥ ಸಂಗತಿಗಳು ಕನ್ನಡದಲ್ಲಿ ವಿವರವಾಗಿ ಬರಬೇಕು. ಟ್ರೇಲರ್ ನೋಡಿದವರಿಗೆ ಇವು ಕಾಣುವುದೇ ಇಲ್ಲ.

ಇನ್ನೊಂದು ವಿಷಯ, ಕೊಂಡದ್ದು ನಮ್ಮದಾಗಿ ಉಳಿಯುತ್ತದೆಯೇ ಎಂಬುದು. ನಾವು ಚಿಕ್ಕವರಿದ್ದಾಗ ಟಿ.ವಿ. ಗೇಮಿನ ಕ್ಯಾಸೆಟ್ಟನ್ನು ಉಫ್ ಎಂದು ಊದಿ ಹಾಕಿದರೆ ಸಾಕು, ಆಟ ಬರುತ್ತಿತ್ತು. ಆ ಕ್ಯಾಸೆಟ್ಟುಗಳಲ್ಲಿ ಎರಡು ಇಂದಿಗೂ ನಮ್ಮ ಬೀರುವಿನಲ್ಲಿವೆ, ಈಗಲೂ ಓಡುತ್ತವೆ. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ಕ್ಕೆ ಮಾರಾಟವಾಗುವ ಕೆಲವು ಕಾರ್ಡುಗಳೊಳಗೆ ಆಟವೇ ಇರುವುದಿಲ್ಲ; ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಲು ಬೇಕಾದ ಕೀಲಿ ಮಾತ್ರ ಇರುತ್ತದೆ. ಯೂಬಿಸಾಫ್ಟ್ ಎಂಬ ಗೇಮ್ ಕಂಪನಿ 2014ರಲ್ಲಿ ಮಾರಿದ 'ದಿ ಕ್ರೂ' ಎಂಬ ಕಾರ್ ಆಟದ ಸರ್ವರ್‌ಗಳನ್ನು (ಇಂಟರ್‌ನೆಟ್ ಮೂಲಕ ಆಟ ನಡೆಸುವ ಕಂಪನಿಯ ಕಂಪ್ಯೂಟರ್‌ಗಳನ್ನು) 2024ರ ಮಾರ್ಚ್ ಕೊನೆಗೆ ನಿಲ್ಲಿಸಿದ ಮೇಲೆ, ಡಿಸ್ಕ್ ಕೈಯಲ್ಲಿದ್ದವರೂ ಒಬ್ಬರೇ ಕುಳಿತು ಆಡಲಾಗದಂತಾಯಿತು. ಅದೇ ವರ್ಷ ಆಗಸ್ಟ್ 23ರಂದು ಬಿಡುಗಡೆಯಾದ ಸೋನಿಯ 'ಕಾನ್‌ಕಾರ್ಡ್' ಎಂಬ ಆನ್‌ಲೈನ್ ಆಟ ಎರಡೇ ವಾರಗಳಲ್ಲಿ, ಸೆಪ್ಟೆಂಬರ್ 6ರಂದು, ಮುಚ್ಚಿಹೋಯಿತು. ಅಲ್ಲಿ ಹಣವನ್ನಾದರೂ ಹಿಂದಿರುಗಿಸಿದರು. ಈ ಆಟ ಇಂಟರ್‌ನೆಟ್ ಇಲ್ಲದೆ ನಡೆಯುತ್ತದೆಯೇ, ಡಿಸ್ಕಿನಲ್ಲಿ ಇಡೀ ಆಟ ಇದೆಯೇ, ಒಳಗೆ ಮತ್ತೆ ದುಡ್ಡು ಕೇಳುತ್ತದೆಯೇ ಎಂಬುದನ್ನು ತಿಳಿಸುವುದು ಕಥೆಯ ಸಾರಾಂಶ ಹೇಳುವುದಕ್ಕಿಂತ ತಂದೆ ತಾಯಂದಿರಿಗೆ ಹೆಚ್ಚು ಉಪಕಾರ.

ನಕ್ಷತ್ರ ಅಥವಾ ಅಂಕ ಕೊಡುವ ಪದ್ಧತಿಯನ್ನು ದಯವಿಟ್ಟು ಗೇಮ್‌ಗಳಿಗೆ ತರಬೇಡಿ. ಜಪಾನಿನ 'ಫಾಮಿಟ್ಸು' ಪತ್ರಿಕೆ ನಾಲ್ವರು ವಿಮರ್ಶಕರಿಂದ ತಲಾ ಹತ್ತರಂತೆ ನಲವತ್ತಕ್ಕೆ ಅಂಕ ಕೊಡಿಸುತ್ತದೆ. ಅದರ ಹಿಂದೆ ದಶಕಗಳ ಪರಂಪರೆಯಿದೆ. ಆದರೆ ಅಂಕಗಳನ್ನೆಲ್ಲ ಕೂಡಿಸಿ ಸರಾಸರಿ ಕೊಡುವ ಮೆಟಾಕ್ರಿಟಿಕ್ ಜಾಲತಾಣ ಬಂದ ಮೇಲೆ ಆ ಸಂಖ್ಯೆಯೇ ಕೆಲವರ ಬೋನಸ್ಸನ್ನೂ ನಿರ್ಧರಿಸುವಂತಾಯಿತು. 2010ರ 'ಫಾಲ್‌ಔಟ್: ನ್ಯೂ ವೆಗಾಸ್' ಆಟಕ್ಕೆ ಅಲ್ಲಿ ನೂರಕ್ಕೆ 85 ಬಂದಿದ್ದರೆ ಅದನ್ನು ರಚಿಸಿದ ಅಬ್ಸಿಡಿಯನ್ ತಂಡಕ್ಕೆ ಬೋನಸ್ ಸಿಗುತ್ತಿತ್ತು, ಬಂದದ್ದು 84. ಈ ವಿಷಯವನ್ನು ತಂಡದಲ್ಲಿದ್ದವರೇ ಹೇಳಿಕೊಂಡಿದ್ದಾರೆ. ಮಳೆಯ ರೇಸಿನಲ್ಲಿ ಚಿತ್ರ ತಡವರಿಸುತ್ತದೆ ಎಂಬ ಒಂದು ವಾಕ್ಯ ನನಗೆ ಕೊಡುವ ತಿಳಿವಳಿಕೆಯನ್ನು ಮೂರೂವರೆ ನಕ್ಷತ್ರ ಕೊಡಲಾರದು.

'ಗೇಮಿಂಗ್' ಎಂಬ ಪದ ನಮ್ಮ ಸುದ್ದಿಪುಟಗಳಲ್ಲಿ ಬಹುತೇಕ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಜೂಜಿಗೇ ಮೀಸಲಾಗಿರುವುದನ್ನೂ ಇಲ್ಲಿ ಹೇಳಬೇಕು. ಅಂಥ ಆಟಗಳನ್ನು ನಿಷೇಧಿಸಲು 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿಯಾದಾಗ, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಪ್ರಮುಖ ಅಂಶಗಳನ್ನು ರದ್ದುಪಡಿಸಿದಾಗ, ಮತ್ತೆ 2025ರಲ್ಲಿ ಕೇಂದ್ರದ ಕಾಯ್ದೆ ಬಂದಾಗ, ನಮ್ಮ ಮನೆಯಲ್ಲಿ ನೆಂಟರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನೀನು ಆಡೋದನ್ನೂ ನಿಲ್ಲಿಸ್ತಾರಂತಲ್ಲ?" ಪಣವಿಟ್ಟು ಆಡುವ ರಮ್ಮಿಗೂ ಕಥೆ ಹೇಳುವ ಕನ್ಸೋಲ್ ಆಟಕ್ಕೂ ಇರುವ ಅಂತರವನ್ನು ಪತ್ರಿಕೆಯೇ ತಿಳಿಸದೆ ಹೋದರೆ ಓದುಗರು ತಿಳಿಯುವುದಾದರೂ ಎಲ್ಲಿಂದ?

ಈ ಕಲೆ ನಮಗೆ ದೂರದ್ದೇನೂ ಅಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಕಂಪನಿಗಳಲ್ಲೊಂದು. ಹೊರದೇಶಗಳ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳನ್ನು ರಚಿಸಿಕೊಟ್ಟ ಅದನ್ನು 2019ರಲ್ಲಿ ಅಮೆರಿಕದ ಗೇಮ್ ಕಂಪನಿ ರಾಕ್‌ಸ್ಟಾರ್ ಕೊಂಡುಕೊಂಡಿತು. ಬೆಂಗಳೂರಿನಲ್ಲಿ ಕುಳಿತವರು ಜಗತ್ತಿನ ಅತಿ ದೊಡ್ಡ ಆಟಗಳಿಗೆ ಕೈಜೋಡಿಸುತ್ತಿರುವಾಗ, ಅದೇ ರಾಜ್ಯದ ಪತ್ರಿಕೆಗಳಲ್ಲಿ ಆ ಆಟಗಳ ಬಗ್ಗೆ ಆಡಿ ಬರೆದ ಕನ್ನಡದ ಬರಹ ಸಿಗದಿರುವುದು ನನಗೆ ಸಹಿಸಲಾಗದ ಕೊರತೆಯಾಗಿ ಕಾಣುತ್ತದೆ.

ಪೂರ್ಣ ಪುಟವನ್ನೇನೂ ನಾನು ಕೇಳುತ್ತಿಲ್ಲ. ತಿಂಗಳಿಗೆ ಒಂದು ಆಟವಾದರೂ ಸಾಕು, ಬಿಡುಗಡೆಯಾಗಿ ಎರಡು ವಾರ ಕಳೆದ ಮೇಲೆ ಬಂದರೂ ಚಿಂತೆಯಿಲ್ಲ. ಬರಹದ ಕೊನೆಯಲ್ಲಿ ಎರಡು ಸಾಲಿನ ಒಂದು ಚೌಕಟ್ಟು ಇರಲಿ: ಯಾವ ಕನ್ಸೋಲ್, ಯಾವ ಆವೃತ್ತಿ, ಆಡಿದ ಗಂಟೆ ಎಷ್ಟು, ಮೊದಲ ದಿನದ ಅಪ್‌ಡೇಟ್ ಎಷ್ಟು ಜಿ.ಬಿ., ಡಿಸ್ಕ್ ಕೊಂಡದ್ದೋ ಕಂಪನಿ ಕಳುಹಿಸಿದ್ದೋ. ಅಕ್ಟೋಬರ್ ರಜೆಗೆ ಅಕ್ಕನ ಮಗ ಮತ್ತೆ ಬರುತ್ತಾನೆ. ಈ ಸಲ ಡಿಸ್ಕ್ ಕೊಳ್ಳುವ ಮುನ್ನ ಆ ಚೌಕಟ್ಟನ್ನು ಅವನಿಗೆ ಓದಿ ಹೇಳುವ ಆಸೆ ನನ್ನದು.

ಇತಿ,
ತಮ್ಮ ವಿಶ್ವಾಸಿ,
ಓದುಗ, ಶಿವಮೊಗ್ಗ