100 ಕೇಳಿದರೆ 200 ಕಳಿಸಿದ್ದೀರಿ: ಅಪ್ಪನ ಗುಳಿಗೆ ಬಗ್ಗೆ ದೂರು

ಇವರಿಗೆ,
ಗ್ರಾಹಕ ದೂರು ಅಧಿಕಾರಿಗಳು,
ಆನ್‌ಲೈನ್ ಔಷಧ ಮಾರಾಟ ವಿಭಾಗ

ವಿಷಯ: ಅಮಿಯೋಡರೋನ್ 100 ಮಿ.ಗ್ರಾಂ ಬದಲು 200 ಮಿ.ಗ್ರಾಂ ಕಳಿಸಿದ ಬಗ್ಗೆ

ಮಾನ್ಯರೇ,

ನಮ್ಮಪ್ಪನಿಗೆ 71 ವರ್ಷ. ಎರಡು ವರ್ಷದಿಂದ ಏಟ್ರಿಯಲ್ ಫೈಬ್ರಿಲೇಷನ್ ಇದೆ. ಎದೆಬಡಿತಕ್ಕೆ ತಾಳವೇ ಇರುವುದಿಲ್ಲ. ಅದಕ್ಕೆ ಅಮಿಯೋಡರೋನ್, ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್. ಶುರುವಿನಲ್ಲಿ ಅಮಿಯೋಡರೋನ್ 200ರದ್ದು ದಿನಕ್ಕೆ ಮೂರು ಇತ್ತು. ಆಮೇಲೆ ಎರಡು, ಆಮೇಲೆ ಒಂದು. ಥೈರಾಯ್ಡ್ ಏರುಪೇರಾದ ಮೇಲೆ ಡಾಕ್ಟರು ಅದನ್ನೂ 100ಕ್ಕೆ ಇಳಿಸಿದರು. ಆ 100 ಸುಮ್ನೆ ಬರೆದದ್ದಲ್ಲ.

ಹೋದ ತಿಂಗಳು ಇಲ್ಲಿ ವಿಜಯಪುರದ ಅಂಗಡಿಗಳಲ್ಲಿ 100ರದ್ದು ಸಿಗಲಿಲ್ಲ. ಎಲ್ಲಿ ಕೇಳಿದರೂ "ನಾಳೆ ಬರ್ತದ್ರೀ." ಅದಕ್ಕೇ ನಿಮ್ಮ ಆ್ಯಪ್‌ಗೆ ಬಂದೆ. ಡಾಕ್ಟರ ಚೀಟಿಯ ಫೋಟೋ ಹಾಕಿದೆ, 100 ಮಿ.ಗ್ರಾಂ ಆರಿಸಿದೆ, 30 ಗುಳಿಗೆಗೆ ದುಡ್ಡು ಕಟ್ಟಿದೆ.

ಗುಳಿಗೆಯ ಮೂರು ಪಟ್ಟಿ (ಸ್ಟ್ರಿಪ್) ಬರಬೇಕಿತ್ತು. ಬಂದದ್ದು ಆರು ತುಂಡು. ಯಾರೋ ಪಟ್ಟಿಗಳನ್ನು ಕತ್ತರಿಯಿಂದ ಅಡ್ಡಡ್ಡ ಕತ್ತರಿಸಿದ್ದರು. ಹೆಸರು ಕಾಣುತ್ತಿತ್ತು. ಅಂಕಿ ಇದ್ದ ಜಾಗದಲ್ಲೇ ಕತ್ತರಿ ಆಡಿತ್ತು. ಐದು ತುಂಡಿನಲ್ಲಿ ಬರೀ "ಮಿ.ಗ್ರಾಂ" ಉಳಿದಿತ್ತು, ಎಷ್ಟು ಅಂತ ಇಲ್ಲ. ಆರನೆಯದರ ಅಂಚಿನಲ್ಲಿ ಮಾತ್ರ 200 ಅಂತ ಇತ್ತು. ಅದು ಡಬ್ಬಿಯ ತಳದಲ್ಲಿತ್ತು. ಬಿಲ್‌ನಲ್ಲೂ 200 ಅಂತ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದ್ದೀರಿ. ಅದನ್ನು ನಾನು ಓದಲಿಲ್ಲ, ಅಷ್ಟು ತಪ್ಪು ನನ್ನದೂ ಹೌದು. ಆದರೆ ಬದಲಾಯಿಸಿ ಕಳಿಸುತ್ತಿದ್ದೇವೆ ಅಂತ ಒಂದು ಫೋನ್, ಒಂದು ಮೆಸೇಜ್? ಏನೂ ಇಲ್ಲ. ಆಫರ್ ಇದ್ದಾಗ ಮಾತ್ರ ದಿನಕ್ಕೆ ನಾಲ್ಕು ಮೆಸೇಜ್ ಬರುತ್ತವೆ.

18 ದಿನ ಅಪ್ಪ ಎರಡು ಪಟ್ಟು ಡೋಸ್ ನುಂಗಿದರು. 19ನೇ ದಿನ ಬೆಳಗ್ಗೆ ಹಲ್ಲುಜ್ಜಿ ಉಗುಳಿದರೆ ಬಚ್ಚಲೆಲ್ಲ ಕೆಂಪು. "ಮುಂಜಾನೆದ್ದು ಎಲಿ-ಅಡಕಿ ಹಾಕ್ಕೊಂಡ್ರೇನು?" ಅಂತ ಅವ್ವ ಬೈದಳು. ಅಪ್ಪ ಬಾಯಿ ತೆರೆದು ತೋರಿಸಿದರು. ಒಸಡಿನಿಂದ ರಕ್ತ ಜಿನುಗುತ್ತಿತ್ತು, ನಿಲ್ಲುತ್ತಿರಲಿಲ್ಲ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ನೋಡುವ ಐಎನ್‌ಆರ್ ಟೆಸ್ಟ್ ಮಾಡಿಸಿದೆವು. 2ರಿಂದ 3ರೊಳಗೆ ಇರಬೇಕಾದದ್ದು 5.2 ಬಂತು. ಅಮಿಯೋಡರೋನ್ ಜಾಸ್ತಿಯಾದರೆ ಲಿವರ್ ವಾರ್ಫರಿನ್ ಅನ್ನು ಬೇಗ ಕರಗಿಸುವುದಿಲ್ಲ, ರಕ್ತ ತೀರಾ ತೆಳುವಾಗುತ್ತದೆ. ಡಾಕ್ಟರು "ಮಾತ್ರೆ ಏನಾದರೂ ಬದಲಾಯಿತಾ?" ಅಂದಾಗಲೇ ನಾನು ಮನೆಗೆ ಬಂದು ಆ ಡಬ್ಬಿ ಸುರಿದು ನೋಡಿದ್ದು.

ನಿಮ್ಮ ಕಸ್ಟಮರ್ ಕೇರ್‌ನವರು ಹೇಳಿದ್ದು ಇಷ್ಟೇ: "ಅದೇ ಮಾತ್ರೆ ಸರ್, ಅರ್ಧ ಮಾಡಿ ತಗೊಳ್ಳಿ." ಇದನ್ನು 18 ದಿನದ ಹಿಂದೆ ಹೇಳಬೇಕಿತ್ತು, ಅಲ್ವಾ? ಅದೂ ಡಾಕ್ಟರನ್ನು ಕೇಳಿ. ಐದು ನಿಮಿಷಕ್ಕೆ "ನಿಮ್ಮ ಸಮಸ್ಯೆ ಬಗೆಹರಿದಿದೆ" ಅಂತ ಮೆಸೇಜ್ ಬಂತು, ಜೊತೆಗೆ ಐದು ಸ್ಟಾರ್ ಕೊಡಿ ಅನ್ನೋ ಕೋರಿಕೆ.

ಬಗೆಹರಿದಿಲ್ಲ. ಇದು ನೆಗಡಿ ಗುಳಿಗೆ ಅಲ್ಲ, ಇವತ್ತು ಬಿಟ್ಟರೆ ನಾಳೆ ಮೈಯಿಂದ ಹೋಗಲು. ದೇಹದಲ್ಲಿ ಸೇರಿದ ಅಮಿಯೋಡರೋನ್ ಅರ್ಧಕ್ಕೆ ಇಳಿಯಲು ಸರಾಸರಿ 58 ದಿನ ಬೇಕು. 200ರ ಒಂದು ಗುಳಿಗೆಯಲ್ಲಿ ಸುಮಾರು 75 ಮಿ.ಗ್ರಾಂ ಅಯೋಡಿನ್ ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ ಅಷ್ಟೇ. ಅಯೋಡಿನ್ ಹೆಚ್ಚಾದರೆ ಥೈರಾಯ್ಡ್ ಏರುಪೇರಾಗಬಹುದು. ಮೊದಲೇ ಥೈರಾಯ್ಡ್ ಕೆಟ್ಟವರಿಗೆ ಇದನ್ನು ದುಪ್ಪಟ್ಟು ತಿನ್ನಿಸಿದ್ದೀರಿ. ಅದರ ಟೆಸ್ಟ್ ಇನ್ನು ಮಾಡಿಸಬೇಕು. ವಾರ್ಫರಿನ್ ಎರಡು ದಿನ ನಿಲ್ಲಿಸಿದ ಮೇಲೆ ಐಎನ್‌ಆರ್ 3.4ಕ್ಕೆ ಬಂದಿದೆ. ಅಪ್ಪ ಸಂಜೆ ಸಿದ್ಧೇಶ್ವರ ಗುಡಿಗೆ ಹೋಗುವುದನ್ನೂ ಬಿಟ್ಟು ಕೂತಿದ್ದಾರೆ, ಎಲ್ಲಾದರೂ ಎಡವಿ ಗಾಯವಾದೀತು ಅಂತ.

ಅಮಿಯೋಡರೋನ್ ಶೆಡ್ಯೂಲ್ ಎಚ್ ಔಷಧ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಚೀಟಿಯಲ್ಲಿ ಬರೆದದ್ದನ್ನು ಬಿಟ್ಟು ಅದರ ಬದಲಿಗೆ ಬೇರೊಂದು ಕೊಡುವ ಹಾಗಿಲ್ಲ ಅಂತ 1945ರ ಡ್ರಗ್ಸ್ ರೂಲ್ಸ್‌ನ 65ನೇ ನಿಯಮದಲ್ಲೇ ಇದೆ. ನಿಮ್ಮ ಫಾರ್ಮಸಿಸ್ಟ್‌ಗೆ ಇದು ಗೊತ್ತಿರಲೇಬೇಕು.

ನನ್ನ ಚೀಟಿ ನೋಡಿ ಈ ಆರ್ಡರ್ ಪಾಸ್ ಮಾಡಿದ ಫಾರ್ಮಸಿಸ್ಟ್ ಯಾರು, ಯಾಕೆ ಬದಲಾಯಿಸಿದರು ಅನ್ನೋದಕ್ಕೆ ಬರವಣಿಗೆಯಲ್ಲಿ ಉತ್ತರ ಬೇಕು. ಗುಳಿಗೆಯ ದುಡ್ಡು, ಎರಡು ಐಎನ್‌ಆರ್ ಟೆಸ್ಟ್ ಮತ್ತು ಥೈರಾಯ್ಡ್ ಟೆಸ್ಟ್ ಖರ್ಚು ವಾಪಸ್ ಬೇಕು. ಅಂಕಿ ಕತ್ತರಿಸಿದ ಪಟ್ಟಿಯನ್ನು ಇನ್ನು ಯಾರ ಮನೆಗೂ ಕಳಿಸಬೇಡಿ. ದುಡ್ಡಿಗಿಂತ ನನಗೆ ಇದೇ ಮುಖ್ಯ. ನನಗಾದರೂ ಕಣ್ಣು ಕಾಣುತ್ತದೆ, ಒಬ್ಬರೇ ಇರುವ ಮುದುಕರು ಏನು ಮಾಡಬೇಕು?

2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಅಂತ ನೀವು 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಇಲ್ಲವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ.

ಚೀಟಿ, ಬಿಲ್, ಟೆಸ್ಟ್ ರಿಪೋರ್ಟ್ ಮತ್ತು ಆರು ತುಂಡುಗಳ ಫೋಟೋ ಜೊತೆಗಿವೆ. ಉಳಿದ 12 ಗುಳಿಗೆ ವಾಪಸ್ ತಗೊಳ್ಳಲು ಡೆಲಿವರಿ ಹುಡುಗನನ್ನು ಕಳಿಸಬೇಡಿ. ಅವು ನನ್ನ ಕಪಾಟಿನಲ್ಲೇ ಇರುತ್ತವೆ.

ಇಂತಿ,
ನಿಮ್ಮ ಗ್ರಾಹಕ,
ವಿಜಯಪುರ